ಮಂಡಿ ಸವೆದಿದೆ ಅಂದರೆ ಓಡಾಟ ನಿಲ್ಲಿಸಬೇಡಿ: ಮನೆಯಲ್ಲೇ ಮಾಡಿಕೊಳ್ಳಬಹುದಾದ್ದು

ಮಂಡಿ ನೋವಿನವರ ಮನೆಗೆ ಹೋದಾಗ ನಾನು ಮೊದಲು ಕೇಳುವುದು, "ದಿನಾ ಎಲ್ಲಿ ಕೂರ್ತೀರಿ, ತೋರಿಸಿ" ಅಂತ. ಎಕ್ಸ್‌ರೇ ಆಮೇಲೆ. ಬೆಂಗಳೂರಿನ ಹನುಮಂತನಗರ, ಗವಿಪುರ, ಶ್ರೀನಗರ, ಚಾಮರಾಜಪೇಟೆ ಕಡೆ ಫಿಸಿಯೋಥೆರಪಿಗೆ ಮನೆಮನೆಗೆ ಓಡಾಡುವವಳು ನಾನು. ಸುಮಾರು ಮನೆಗಳಲ್ಲಿ ಟಿವಿ ಎದುರಿಗೆ ಒಂದು ತಗ್ಗು ಸೋಫಾ ಇರುತ್ತದೆ. ಕೂತರೆ ಸೊಂಟ ಮಂಡಿಗಿಂತ ಕೆಳಕ್ಕೆ ಇಳಿದುಬಿಡುತ್ತದೆ. ಅಲ್ಲಿಂದ ಏಳುವಾಗೆಲ್ಲ ಮಂಡಿಚಿಪ್ಪಿನ ಹಿಂದೆ ವಿಪರೀತ ಒತ್ತಡ ಬೀಳುತ್ತದೆ. ಮಾತ್ರೆ ಬದಲಿಸುವ ಮುಂಚೆ ಆ ಸೋಫಾ ಬದಲಿಸಿ ಅಂತ ನಾನು ಹೇಳುತ್ತೇನೆ.

ಇದನ್ನು ಬರೆಯುವುದಕ್ಕೆ ಕಾರಣ ಒಂದು ಮಾತು. "ಮಂಡಿ ಸವೆದಿದೆ, ಇನ್ನು ಜಾಸ್ತಿ ಓಡಾಡಬೇಡಿ" ಅಂತ ಮನೆಯವರು, ಪಕ್ಕದವರು, ಮದುವೆಮನೆಯಲ್ಲಿ ಸಿಕ್ಕವರು ಎಲ್ಲ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದನ್ನು ಕೇಳಿ ಕೂತುಬಿಟ್ಟವರು ಒಂದೆರಡು ವರ್ಷದಲ್ಲಿ ಬಾತ್‌ರೂಮಿಗೆ ಹೋಗಲೂ ಇನ್ನೊಬ್ಬರ ಕೈ ಹಿಡಿಯುವ ಸ್ಥಿತಿಗೆ ಬರುವುದನ್ನು ನೋಡಿದ್ದೇನೆ. ಸಂಕಟವಾಗುತ್ತದೆ, ಯಾಕೆಂದರೆ ಅದರಲ್ಲಿ ಬಹಳಷ್ಟನ್ನು ತಡೆಯಬಹುದಿತ್ತು.

ಕೀಲಿನಲ್ಲಿ ಎರಡು ಮೂಳೆಗಳ ತುದಿಗೂ ನುಣುಪಾದ ಕಾರ್ಟಿಲೇಜ್ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಹೆಜ್ಜೆ ಇಟ್ಟಾಗ ಸ್ಪಂಜಿನ ಹಾಗೆ ಅದುಮಿಕೊಳ್ಳುತ್ತದೆ, ಹೆಜ್ಜೆ ಎತ್ತಿದಾಗ ದ್ರವ ಹೀರಿಕೊಳ್ಳುತ್ತದೆ. ಅಲ್ಲಾಡದ ಕೀಲಿಗೆ ಇದು ಸಿಗುವುದಿಲ್ಲ. ಜೊತೆಗೆ, ಕೂತವರ ತೊಡೆಯ ಸ್ನಾಯು ಬೇಗ ಕರಗುತ್ತದೆ. ಮಂಡಿಯ ಭಾರ ಹಂಚಿಕೊಳ್ಳುತ್ತಿದ್ದದ್ದೇ ಆ ಸ್ನಾಯು. ಅದು ಸೋತರೆ ಪೂರ್ತಿ ಹೊರೆ ಕೀಲಿನ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಈ ಕೀಲು ಸವೆತ, ಇತ್ತು. ಅವರಲ್ಲಿ ಶೇ. 60ರಷ್ಟು ಹೆಂಗಸರು. ಮಂಡಿಯದ್ದೇ ಜಾಸ್ತಿ, 36.5 ಕೋಟಿ. ಅಂದರೆ ನಿಮಗೊಬ್ಬರಿಗೇ ಬಂದಿರುವ ವಿಚಿತ್ರ ಕಾಯಿಲೆ ಇದಲ್ಲ. ಎಕ್ಸ್‌ರೇ ಫಿಲಂ ನೋಡಿಯೂ ಹೆದರಬೇಡಿ. ಫಿಲಂನಲ್ಲಿ ಮೂಳೆಗಳ ನಡುವಿನ ಜಾಗ ತೀರಾ ಕಮ್ಮಿಯಾಗಿದ್ದರೂ ದಿನಾ ಆರಾಮಾಗಿ ನಡೆಯುವವರಿದ್ದಾರೆ. ಫಿಲಂ ಚೆನ್ನಾಗಿದ್ದೂ ನೋವಿನಿಂದ ಒದ್ದಾಡುವವರಿದ್ದಾರೆ. ಮಂಡಿ ಕಟಕಟ ಅನ್ನುತ್ತದೆ ಅಂತ ಗಾಬರಿಯಾಗುವುದೂ ಬೇಡ. ನೋವು, ಊತ ಇಲ್ಲದ ಬರೀ ಸದ್ದಿಗೆ ಚಿಕಿತ್ಸೆ ಬೇಕಿಲ್ಲ.

ಮೊದಲು ಕುರ್ಚಿ

ಕೂತಾಗ ಸೊಂಟ ಮಂಡಿಗಿಂತ ಒಂದಿಷ್ಟು ಮೇಲೇ ಇರಬೇಕು. ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಸಾಮಾನ್ಯ ಎತ್ತರದವರಿಗೆ ನೆಲದಿಂದ 18ರಿಂದ 20 ಅಂಗುಲದ ಆಸನ ಸರಿಹೋಗುತ್ತದೆ. ಹೊಸ ಸೋಫಾ ಕೊಳ್ಳಬೇಕಿಲ್ಲ. ಕೈ ಇರುವ ಒಂದು ಗಟ್ಟಿ ಕುರ್ಚಿ ಸಾಕು. ಸೋಫಾವೇ ಬೇಕು ಅಂದರೆ ಹಾಸಿಗೆ ಅಂಗಡಿಯಲ್ಲಿ ಗಟ್ಟಿ ಫೋಮ್ ಕತ್ತರಿಸಿ ಕೊಡುತ್ತಾರೆ, ಕುಶನ್ ಕೆಳಗೆ ಹಾಕಿ. ಮಂಚ ತಗ್ಗಾಗಿದ್ದರೆ ಬಡಗಿಯ ಹತ್ತಿರ ಗುಳಿ ತೋಡಿದ ಮರದ ಗುಟ್ಟ ಮಾಡಿಸಿ ಕಾಲಿನಡಿ ಇಡಿಸಿ. ಇಟ್ಟಿಗೆ ಇಡಬೇಡಿ, ಟೈಲ್ಸ್ ಮೇಲೆ ಜಾರುತ್ತದೆ.

ಇಂಡಿಯನ್ ಟಾಯ್ಲೆಟ್ ಇದ್ದು ಅದನ್ನು ಒಡೆಸಲು ಮಾಲೀಕರು ಒಪ್ಪದಿದ್ದರೆ, ಅದರ ಮೇಲೇ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಬಾಡಿಗೆ ಮನೆಯವರಿಗೆ ಇದು ದೊಡ್ಡ ಅನುಕೂಲ. ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಕಂಬಿ ಹಿಡಿದು ಏಳುವ ಅಭ್ಯಾಸ ಬೇಡ, ಮನುಷ್ಯರ ತೂಕ ತಡೆಯುವುದಕ್ಕೆ ಅದನ್ನು ಹಾಕಿರುವುದಿಲ್ಲ.

ನೆಲದ ಮೇಲೆ ಕೂರಲೇಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ನೋವಾಗದಿದ್ದರೆ ಧಾರಾಳವಾಗಿ ಕೂತುಕೊಳ್ಳಿ. ನಾನು ಬೇಡ ಅನ್ನುವುದು ಕುಕ್ಕರುಗಾಲಿನಲ್ಲಿ ತುಂಬಾ ಹೊತ್ತು ಕೂರುವುದನ್ನು. ನೆಲ ಒರೆಸುವುದು, ಬಟ್ಟೆ ಒಗೆಯುವುದು, ದೊಡ್ಡ ರಂಗೋಲಿ, ರಾಶಿ ಅವರೆಕಾಯಿ ಸುಲಿಯುವುದು, ಇವೆಲ್ಲ ಅದೇ ಭಂಗಿ. ಉದ್ದ ಹಿಡಿಯ ಮಾಪ್ ತನ್ನಿ. ಅವರೆಕಾಯಿ ಊಟದ ಟೇಬಲ್ ಮೇಲೆ ಸುಲಿಯಿರಿ. ರಂಗೋಲಿ ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ವಾರದ ದಿನ ಚಿಕ್ಕದು ಹಾಕಿ, ಹಬ್ಬಕ್ಕೆ ದೊಡ್ಡದಕ್ಕೆ ಮನೆಯ ಮಕ್ಕಳನ್ನು ಸೇರಿಸಿಕೊಳ್ಳಿ.

ನೆಲದಿಂದ ಏಳುವುದಕ್ಕೂ ಒಂದು ಕ್ರಮ ಇದೆ. ಎದುರಿಗೆ ಅಲ್ಲಾಡದ ಕುರ್ಚಿ ಇರಲಿ. ಮೊದಲು ಮಗ್ಗುಲಾಗಿ ಕೈ ಊರಿ, ಅಂಬೆಗಾಲಿಗೆ ಬನ್ನಿ. ಮಂಡಿ ಕೆಳಗೆ ದಿಂಬು ಇದ್ದರೆ ಒಳ್ಳೆಯದು. ಎರಡೂ ಕೈ ಕುರ್ಚಿ ಮೇಲಿಟ್ಟು, ನೋವು ಕಮ್ಮಿ ಇರುವ ಕಾಲನ್ನು ಮುಂದೆ ಊರಿ, ಅದರ ಬಲದಲ್ಲಿ ಏಳಿ.

ಒಂದೇ ಒಂದು ವ್ಯಾಯಾಮ ಮಾಡ್ತೀನಿ ಅನ್ನುವವರಿಗೆ

ಕುರ್ಚಿಯಿಂದ ಎದ್ದು ಕೂರುವುದು. ಅಷ್ಟೇ. ಗವಿಪುರದಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಜ್ಜಿಗೆ ಇದನ್ನು ಹೇಳಿಕೊಟ್ಟೆ. ಅವರು ಏಳುವಾಗ ಎರಡೂ ಅಂಗೈಯನ್ನು ತೊಡೆ ಮೇಲೆ ಒತ್ತಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಪಾದ ಮಂಡಿಗಿಂತ ಬಹಳ ಮುಂದೆ ಇತ್ತು. ಹಾಗೆ ಎದ್ದರೆ ಯಾರಿಗಾದರೂ ನೋವಾಗುತ್ತದೆ.

"ಅಜ್ಜಿ, ಕುರ್ಚಿ ತುದಿಗೆ ಬನ್ನಿ. ಪಾದ ಹಿಂದಕ್ಕೆ ಎಳ್ಕೊಳ್ಳಿ. ಈಗ ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಲಿ" ಅಂದೆ.

"ಮುಗ್ಗರಿಸಿ ಬಿದ್ದುಬಿಡ್ತೀನಿ ಕಣಮ್ಮ."

"ನಾನು ಮುಂದೇನೇ ಇದೀನಲ್ಲ. ಕುರ್ಚಿ ಗೋಡೆಗೆ ಒತ್ತಿದೆ. ಬಾಗಿ, ಈಗ ಏಳಿ."

ಎದ್ದರು. ಕೈ ತೊಡೆ ಬಿಟ್ಟು ಗಾಳಿಯಲ್ಲಿತ್ತು. ಅದನ್ನು ಅವರೇ ನೋಡಿಕೊಂಡು, ಹೇಳದೇ ಇನ್ನೊಂದು ಸಲ ಕೂತು ಎದ್ದರು. ಕೂರುವಾಗ ಧೊಪ್ಪನೆ ಬೀಳುತ್ತಿದ್ದದ್ದನ್ನು ಮಾತ್ರ ತಿದ್ದಬೇಕಾಯಿತು. ಒಂದು, ಎರಡು, ಮೂರು ಅಂತ ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಸ್ನಾಯುವಿಗೆ ನಿಜವಾದ ಕೆಲಸ ಆಗುವುದು ಆ ಇಳಿಯುವಾಗಲೇ.

ಒಂದು ಸುತ್ತಿಗೆ 8ರಿಂದ 10 ಸಲ. ಒಂದು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ವಾರಕ್ಕೆ ಮೂರು ದಿನವಾದರೂ ಆಗಬೇಕು. ಕಷ್ಟವಾದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಇಲ್ಲ ಕುರ್ಚಿಯ ಕೈ ಹಿಡಿದೇ ಏಳಿ. ಸುಲಭವಾದ ಮೇಲೆ ದಿಂಬು ತೆಗೆಯಿರಿ. ಚಕ್ರ ಇರುವ ಕುರ್ಚಿ ಬೇಡವೇ ಬೇಡ.

ಎದ್ದು ಕೂರುವುದು ಈಗಲೇ ಆಗದಷ್ಟು ನೋವಿದ್ದರೆ ಮಂಚದ ಮೇಲೆ ಶುರುಮಾಡಿ. ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ. ತೊಡೆ ಬಿಗಿಯಾಗುವುದು ಕೈಗೆ ತಿಳಿಯಬೇಕು. 5 ಎಣಿಸಿ ಬಿಡಿ. ಹತ್ತು ಸಲ. ಆಮೇಲೆ ಮಲಗಿಕೊಂಡು ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಅಡಿ ಎತ್ತಿ ಹಿಡಿಯಿರಿ. ಉಸಿರು ಬಿಗಿಹಿಡಿಯಬೇಡಿ, ಅದರಲ್ಲೂ ಬಿಪಿ ಇರುವವರು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದನ್ನೂ ಸೇರಿಸಿಕೊಳ್ಳಿ. ಸೊಂಟದ ಪಕ್ಕದ ಸ್ನಾಯು ಗಟ್ಟಿಯಾದರೆ ಕುಂಟುವುದು ಕಮ್ಮಿಯಾಗುತ್ತದೆ. ಇನ್ನು, ಹಾಲು ಕಾಯುವಷ್ಟು ಹೊತ್ತು ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಹೇಗಿದ್ದರೂ ಹಾಲಿನ ಮುಂದೆ ನಿಂತಿರುತ್ತೀರಿ ಅಲ್ವಾ.

ಮಾಡುವಾಗ ನೋವಾದರೆ ನಿಲ್ಲಿಸಬೇಕಾ? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನಾಲ್ಕೈದರ ಒಳಗಿನ ನೋವು ಪರವಾಗಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅಥವಾ ಮಂಡಿ ಊದಿದ್ದರೆ ಮಾಡಿದ್ದು ಜಾಸ್ತಿಯಾಯಿತು ಅಂತ ಅರ್ಥ. ಅರ್ಧಕ್ಕೆ ಇಳಿಸಿ, ಬಿಡಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಎರಡು ವಾರಕ್ಕೆ ಬೇಸತ್ತು ಬಿಡುವವರೇ ಹೆಚ್ಚು, ಅದೇ ನನಗೆ ಬೇಜಾರು.

ನಡಿಗೆ ಮತ್ತು ನಮ್ಮ ಫುಟ್‌ಪಾತು

ನಡೆಯಲೇಬೇಕು. ಆದರೆ ಬೆಂಗಳೂರಿನ ಫುಟ್‌ಪಾತ್ ಮಂಡಿ ನೋವಿನವರಿಗೆ ಹೇಳಿಸಿದ್ದಲ್ಲ. ಎದ್ದ ಚಪ್ಪಡಿ, ಮರದ ಬೇರು, ಪ್ರತಿ ಗೇಟಿನ ಮುಂದೆಯೂ ಏರಿಳಿತ. ಹತ್ತಿರದ ಪಾರ್ಕಿಗೆ ಹೋಗಿ. ಬಸವನಗುಡಿ ಕಡೆಯವರಿಗೆ ಕೃಷ್ಣರಾವ್ ಪಾರ್ಕ್ ಇದೆ, ನೆಲ ಸಮ, ದಣಿದರೆ ಕೂರಲು ಬೆಂಚು. ಲಾಲ್‌ಬಾಗಿಗೆ ಹೋಗುವವರು ಮೊದಲ ತಿಂಗಳು ಬಂಡೆ ಹತ್ತುವುದು ಬೇಡ. ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಜಾಸ್ತಿ ತೊಂದರೆ. ಸಮತಟ್ಟಾದ ದಾರಿಯಲ್ಲಿ ಸುತ್ತಿ. ಆ ಜಾಗ 240 ಎಕರೆ ಇದೆ, ದಾರಿಗೆ ಬರವಿಲ್ಲ.

ಒಂದೇ ಸಲಕ್ಕೆ ಒಂದು ಗಂಟೆ ನಡೆದು ಎರಡು ದಿನ ಮಲಗುವ ಬದಲು ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ ನಡೆಯಿರಿ. ವಾರಕ್ಕೊಮ್ಮೆ ಎರಡೆರಡು ನಿಮಿಷ ಏರಿಸಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಡಿಸೆಂಬರ್, ಜನವರಿ ಚಳಿಯಲ್ಲಿ ಕೀಲು ಹಿಡಿದುಕೊಂಡ ಹಾಗಾಗುತ್ತದೆ. ಆಗ ಬಿಸಿಲು ಬಂದ ಮೇಲೆ ಹೊರಡಿ, ವಾಕಿಂಗ್ ಬಿಡಲು ಚಳಿ ನೆಪವಾಗದಿರಲಿ. ಹಿಮ್ಮಡಿ ಒಂದು ಕಡೆ ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಎಸೆಯಿರಿ. ಮೆತ್ತನೆ ಅಡಿಯ, ಹಿಮ್ಮಡಿ ಹಿಡಿದಿಡುವ ಶೂ ಇರಲಿ. ಸೀರೆಗೆ ಶೂ ಹಾಕಲು ನಾಚಿಕೆ ಪಡುವವರಿಗೆ ಹೇಳುತ್ತೇನೆ, ಈಗ ಎಲ್ಲ ಪಾರ್ಕಿನಲ್ಲೂ ಹಾಗೇ ಬರುತ್ತಾರೆ.

ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ. ಬಲಮಂಡಿ ನೋವಿದ್ದರೆ ಎಡಗೈಯಲ್ಲಿ ಕೋಲು, ಬಲಗಾಲು ಮುಂದೆ ಹೋದಾಗ ಕೋಲೂ ಮುಂದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು.

ಮೆಟ್ಟಿಲಿಗೆ ಒಂದೇ ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಮ್ಮ 20-30 ಸೈಟಿನ ಮನೆಗಳಲ್ಲಿ ಹೊರಗಿನ ಮೆಟ್ಟಿಲು ಕಡಿದಾಗಿರುತ್ತದೆ, ಒಂದೇ ಕಡೆ ಕಂಬಿ. ಇನ್ನೊಂದು ಕಡೆಗೂ ಹಾಕಿಸಿ. ಒಗೆದ ಬಟ್ಟೆಯ ತುಂಬು ಬಕೆಟ್ ಹಿಡಿದು ಟೆರೇಸಿಗೆ ಹತ್ತುವುದಂತೂ ನಾನು ಎಲ್ಲರಿಗೂ ಬಿಡಿಸುವ ಮೊದಲ ಅಭ್ಯಾಸ. ಕೆಳಗೇ ಬಟ್ಟೆ ಸ್ಟ್ಯಾಂಡ್ ಇಡಿ. 20 ಲೀಟರ್ ನೀರಿನ ಕ್ಯಾನನ್ನು ತಂದವರೇ ಎತ್ತಿ ಇಟ್ಟು ಹೋಗಲಿ.

ಬಸ್ಸಿಗೂ ಅದೇ ಸೂತ್ರ. ಬಿಎಂಟಿಸಿಯ ಮಾಮೂಲಿ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಎಸಿ ಇರುವ ವಜ್ರ ಬಸ್ಸಿನ ನೆಲ ತಗ್ಗು, ದುಡ್ಡು ಜಾಸ್ತಿಯಾದರೂ ಮಂಡಿಗೆ ಸಲೀಸು. ಮೆಟ್ರೋದಲ್ಲಿ ಲಿಫ್ಟ್ ಇದೆ, ಸಂಕೋಚ ಬೇಡ. ದಿನಾ ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲೋ ಕಂಪ್ಯೂಟರ್ ಮುಂದೋ ಮಂಡಿ ಮಡಚಿ ಕೂರುವ ಮಕ್ಕಳಿಗೂ ಇದು ಸೇರಿದ ಮಾತು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಬ್ಯಾಡ್ಮಿಂಟನ್ ಆಡಿ ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದುಕೊಂಡವರು ಪೂರ್ತಿ ಚಿಕಿತ್ಸೆ ಮುಗಿಸಿ. ಹಳೆಯ ಪೆಟ್ಟು ಮುಂದೆ ಸವೆತಕ್ಕೆ ದಾರಿ ಮಾಡುತ್ತದೆ.

ತೂಕ, ತಟ್ಟೆ, "ವಾಯು"

1 ಕೆಜಿ ತೂಕ ಇಳಿದರೆ ಒಂದೊಂದು ಹೆಜ್ಜೆಗೂ ಮಂಡಿ ಮೇಲಿನ ಹೊರೆ ಸುಮಾರು 4 ಕೆಜಿ ಕಮ್ಮಿಯಾಗುತ್ತದೆ. ತೂಕ ಜಾಸ್ತಿ ಇರುವ ಮಂಡಿ ನೋವಿನವರನ್ನೇ ಅಳೆದು ಕಂಡುಕೊಂಡದ್ದು ಇದು. ಹಾಗಾಗಿ ಇಪ್ಪತ್ತು ಕೆಜಿ ಇಳಿಸಬೇಕು ಅಂತ ಹೆದರಿ ಕೂರಬೇಡಿ. 75 ಕೆಜಿ ಇರುವವರು ಮೂರು ನಾಲ್ಕು ಕೆಜಿ ಇಳಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸಂಜೆಯ ಕಾಫಿ ಜೊತೆಗಿನ ಬಿಸ್ಕತ್ತು, ಕೋಡುಬಳೆ, ದರ್ಶಿನಿಯ ವಡೆ, ರಾತ್ರಿ ಎರಡನೇ ಸಲ ಬಡಿಸಿಕೊಳ್ಳುವ ಅನ್ನ, ಇವುಗಳಿಂದ ಶುರುಮಾಡಿ.

ನನಗೆ ತುಂಬಾ ಕಳವಳ ಕೊಡುವುದು ಇನ್ನೊಂದು. "ಬೇಳೆ ತಿಂದರೆ ವಾಯು, ಕಾಳು ತಿಂದರೆ ಮಂಡಿ ಹಿಡಿಯುತ್ತೆ" ಅಂತ ವಯಸ್ಸಾದವರು ಬೇಳೆಕಾಳು ಬಿಟ್ಟು ಬರೀ ಅನ್ನ, ತಿಳಿಸಾರಿಗೆ ಇಳಿಯುತ್ತಾರೆ. ಸಸ್ಯಾಹಾರಿ ಮನೆಯಲ್ಲಿ ಪ್ರೋಟೀನ್ ಬರುವುದೇ ಅಲ್ಲಿಂದ. ಅದು ಹೋದರೆ ಮೇಲಿನ ವ್ಯಾಯಾಮದಿಂದ ಸ್ನಾಯು ಬೆಳೆಯುವುದಾದರೂ ಹೇಗೆ? ಹುರುಳಿಕಾಳು, ಹೆಸರುಕಾಳು, ತೊಗರಿಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಇವು ದಿನಾ ಇರಲಿ. ಹೊಟ್ಟೆ ಉಬ್ಬರಿಸಿದರೆ ಚೆನ್ನಾಗಿ ನೆನೆಸಿ, ಮೊಳಕೆ ಬರಿಸಿ, ಬೇಯಿಸಿ ತಿನ್ನಿ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ರಾಗಿ ಮೂಳೆಗೆ ಒಳ್ಳೆಯದು, ಕ್ಯಾಲ್ಸಿಯಂ ಬೇಕಾದಷ್ಟಿದೆ. ಆದರೆ ಸವೆದ ಕಾರ್ಟಿಲೇಜನ್ನು ಮತ್ತೆ ಬೆಳೆಸುವ ಆಹಾರ ಯಾವುದೂ ಇಲ್ಲ, ಹಾಗೆ ಹೇಳಿ ಮಾರುವ ಪುಡಿಯೂ ಬೆಳೆಸುವುದಿಲ್ಲ. ಕಾರ್ಟಿಲೇಜಿಗೆ ಒಳ್ಳೆಯದು ಅಂತ ಮಾರುವ ಗ್ಲೂಕೋಸಮೈನ್ ಮಾತ್ರೆಯನ್ನು 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘವೇ ಮಂಡಿ ಸವೆತಕ್ಕೆ ಬೇಡ ಅಂದಿತು. ತಿಂಗಳು ತಿಂಗಳು ಅದಕ್ಕೆ ಹೋಗುವ ದುಡ್ಡಿನಲ್ಲಿ ಒಳ್ಳೆ ಶೂ ಕೊಳ್ಳಿ.

ಬೆರಳಿನ ಕೀಲು

ಮಂಡಿಯ ಗದ್ದಲದಲ್ಲಿ ಕೈ ಮರೆತುಹೋಗುತ್ತದೆ. ಐವತ್ತು ದಾಟಿದ ಹೆಂಗಸರಿಗೆ ಬೆರಳ ತುದಿಯ ಕೀಲಿನಲ್ಲಿ ಗಂಟು, ಹೆಬ್ಬೆರಳ ಬುಡದಲ್ಲಿ ನೋವು ಬರುತ್ತದೆ. ಒದ್ದೆ ಬಟ್ಟೆ ಹಿಂಡುವುದು, ತೆಂಗಿನಕಾಯಿ ತುರಿಯುವುದು, ಬಿಗಿಯಾದ ಡಬ್ಬಿ ಮುಚ್ಚಳ ತೆಗೆಯುವುದು, ಇವೆಲ್ಲ ಹೆಬ್ಬೆರಳಿನ ಮೇಲೇ ಬೀಳುವ ಕೆಲಸ. ಬಟ್ಟೆಯನ್ನು ನಲ್ಲಿಗೆ ಸುತ್ತಿ ಎರಡೂ ಅಂಗೈಯಿಂದ ತಿರುಚಿ. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ತರಕಾರಿ ಚೀಲವನ್ನು ಬೆರಳಿಗೆ ನೇತುಹಾಕಬೇಡಿ, ಮುಂಗೈಗೆ ಏರಿಸಿ ಅಥವಾ ಹೆಗಲಿಗೆ ಹಾಕಿ. ತುಂಬಿದ ಕುಕ್ಕರ್ ಎರಡು ಕೈಯಲ್ಲಿ ಎತ್ತಿ.

ನೋವು ಜೋರಾದ ದಿನ

ಬೆಳಿಗ್ಗೆ ಬಿಗಿತಕ್ಕೆ ಬಿಸಿ ಶಾಖ, ಊದಿಕೊಂಡು ಬಿಸಿಯಾಗಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್. ಎರಡೂ 15 ನಿಮಿಷದ ಒಳಗೆ. ಸಕ್ಕರೆ ಕಾಯಿಲೆ ಇದ್ದು ಕಾಲು ಜೋಮು ಹಿಡಿದಂತಿರುವವರು ಬಿಸಿನೀರಿನ ಬ್ಯಾಗನ್ನು ಮನೆಯವರ ಕೈಯಲ್ಲಿ ಪರೀಕ್ಷೆ ಮಾಡಿಸಿಯೇ ಇಟ್ಟುಕೊಳ್ಳಿ. ಬೊಬ್ಬೆ ಎದ್ದರೂ ಗೊತ್ತಾಗದವರಿದ್ದಾರೆ. ಮಂಡಿಗೂ ಬೆರಳಿಗೂ ನೋವು ಇಳಿಸುವ ಡೈಕ್ಲೋಫೆನಾಕ್ ಮುಲಾಮು ಒಳ್ಳೆಯ ಮೊದಲ ಮದ್ದು, ಹೊಟ್ಟೆ ಮತ್ತು ಕಿಡ್ನಿಗೆ ಮಾತ್ರೆಯಷ್ಟು ತೊಂದರೆ ಕೊಡುವುದಿಲ್ಲ. ಹಚ್ಚಿದ ಮೇಲೆ ಅದರ ಮೇಲೆ ಬಿಸಿ ಶಾಖ ಬೇಡ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನೋವಿನ ಮಾತ್ರೆ ತಿಂಗಳಾನುಗಟ್ಟಲೆ ನುಂಗುವುದು ಅಪಾಯ, ಬಿಪಿ, ಕಿಡ್ನಿ, ಹೊಟ್ಟೆ ಹುಣ್ಣು ಇರುವವರಿಗಂತೂ ತೀರಾ. ಹೆಸರು, ವಿವರ ಏನೂ ಇಲ್ಲದ ಪೊಟ್ಟಣದ ಪುಡಿಯನ್ನು ಮುಟ್ಟಲೇಬೇಡಿ. ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು.

ಡಾಕ್ಟರ ಹತ್ತಿರ ತಕ್ಷಣ ಹೋಗಬೇಕಾದ ಸಂದರ್ಭಗಳೂ ಇವೆ. ಜ್ವರದ ಜೊತೆ ಕೀಲು ಕೆಂಪಾಗಿ ಊದುವುದು, ಕಾಲೂರಲು ಆಗದಿರುವುದು, ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲು ಬಾರದಿರುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಇನ್ನು ಬೆಳಗಿನ ಬಿಗಿತ. ಸವೆತದ ನೋವಿನಲ್ಲಿ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಗಂಟೆಗಟ್ಟಲೆ ಬಿಡದೆ, ಎರಡೂ ಕೈಯ ಬೆರಳುಗಳು ಊದಿದ್ದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ, ಇರಬಹುದು. ಅದರ ಚಿಕಿತ್ಸೆಯೇ ಬೇರೆ, ತಡಮಾಡಿದಷ್ಟೂ ಕೀಲು ಹಾಳು.

ಕೆಲವರಿಗೆ ಇದೆಲ್ಲ ಮಾಡಿದರೂ ರಾತ್ರಿ ನಿದ್ದೆಗೆಡುವಷ್ಟು ನೋವು ಉಳಿಯುತ್ತದೆ, ಮನೆಯೊಳಗಿನ ನಡಿಗೆಯೂ ಕಷ್ಟವಾಗುತ್ತದೆ. ಅಂಥವರಿಗೆ ಮಂಡಿ ಬದಲಿ ಆಪರೇಷನ್ ನಿಜಕ್ಕೂ ಒಳ್ಳೆಯದು, ಹೆದರಿ ಮುಂದೂಡುವುದು ಬೇಡ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದೆ, ಬಿಲ್ಲಿನಲ್ಲಿ ಇಂಪ್ಲಾಂಟಿನ ದರ ಬೇರೆಯಾಗಿ ತೋರಿಸಿ ಅಂತ ಕೇಳಿ. ಜಯನಗರದ ಸಂಜಯ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ, ಅಲ್ಲೂ ವಿಚಾರಿಸಬಹುದು. ಆಪರೇಷನ್ನಿನ ದಿನ ಗೊತ್ತಾದ ಮೇಲೂ ತೊಡೆಯ ವ್ಯಾಯಾಮ ನಿಲ್ಲಿಸಬೇಡಿ, ಗಟ್ಟಿ ಸ್ನಾಯು ಇಟ್ಟುಕೊಂಡು ಹೋದವರು ಬೇಗ ನಡೆಯುತ್ತಾರೆ. ಮಂಚದ ಎತ್ತರ, ಬಾತ್‌ರೂಮಿನ ಹಿಡಿಕೆ, ಮೆಟ್ಟಿಲಿನ ಎರಡನೇ ಕಂಬಿ, ಇಷ್ಟನ್ನೂ ಆಸ್ಪತ್ರೆಗೆ ಸೇರುವ ಹಿಂದಿನ ವಾರವೇ ಮಾಡಿಸಿ ಮುಗಿಸಿ.